26 ಪೆಟ್ಟು, ಒಂದೂ ಹೆಚ್ಚಲ್ಲ

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿ ಗುಂಡೇಟಿಗೆ ಬಲಿಯಾದವರ ನೆನಪಿಗೆ ಚರ್ಚ್ ಗಂಟೆ ಬಾರಿಸುವುದನ್ನು ನಮ್ಮ ಪತ್ರಿಕೆಗಳು ‘ಗಂಟೆ ಮೊಳಗಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅಲ್ಲಿ ಲೆಕ್ಕವೇ ಮುಖ್ಯ. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು 20 ಮಕ್ಕಳು, 6 ಮಂದಿ ಸಿಬ್ಬಂದಿ ಹತರಾದರು. ವಾರದ ಬಳಿಕ ಬೆಳಿಗ್ಗೆ 9.30ಕ್ಕೆ ಹಲವೆಡೆ 26 ಸಲ ಗಂಟೆ ಬಾರಿಸಿದರು. ಹಂತಕ ಶಾಲೆಗೆ ಬರುವ ಮೊದಲು ಮನೆಯಲ್ಲಿ ಕೊಂದ ತನ್ನ ತಾಯಿ ಆ ಲೆಕ್ಕದಲ್ಲಿಲ್ಲ. ಅದು ನನಗೆ ಸರಿ ಕಾಣದು.

ಗಂಟೆಯನ್ನು ತೂಗಿ ಬಾರಿಸಿದರೆ ಎಣಿಕೆ ನಿಲ್ಲದು. ಹಗ್ಗ ಬಿಟ್ಟ ಮೇಲೂ ತನ್ನ ಭಾರಕ್ಕೆ ಅದು ತೂಗುತ್ತಲೇ ಇರುತ್ತದೆ, ನಾಲಗೆ ಇನ್ನೂ ಒಂದೆರಡು ಪೆಟ್ಟು ಹೊಡೆಯುತ್ತದೆ. ಆದ್ದರಿಂದ ಗಂಟೆಯನ್ನು ಅಲುಗಿಸದೆ ಹೊರಗಿನ ಸುತ್ತಿಗೆಯಿಂದ ಹೊಡೆಯಬೇಕು. ಹೊಡೆದೊಡನೆ ಸುತ್ತಿಗೆ ಹಿಂದೆ ಸರಿಯಬೇಕು. ಅಂಚಿಗೆ ತಾಗಿಕೊಂಡೇ ನಿಂತರೆ ನಾದ ಅಲ್ಲೇ ಸಾಯುತ್ತದೆ, ಲೋಹ ಬಿರುಕು ಬಿಡಲೂಬಹುದು. ನಾಲಗೆಗೆ ಹಗ್ಗ ಕಟ್ಟಿ ಜಗ್ಗುವುದು ಸುಲಭ. ಆದರೆ ಹಳೆಯ ಗಂಟೆಗಳು ಸೀಳುವುದು ಹೆಚ್ಚಾಗಿ ಹಾಗೆಯೇ.

ಪೆಟ್ಟುಗಳ ನಡುವೆ 10 ಸೆಕೆಂಡ್ ಬಿಟ್ಟರೆ 26 ಪೆಟ್ಟಿಗೆ ನಾಲ್ಕು ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಬಾರಿಸುವವರೇ ಎಣಿಸಿದರೆ ತಪ್ಪುವುದು ಸಹಜ. ಪಕ್ಕದಲ್ಲಿ ಇನ್ನೊಬ್ಬರು 26 ಹರಳನ್ನು ಪೆಟ್ಟಿಗೊಂದರಂತೆ ಬಟ್ಟಲಿಗೆ ಹಾಕುತ್ತಿರಲಿ. ಗಡಿಯಾರಕ್ಕೆ ಜೋಡಿಸಿದ ಗಂಟೆಯಾದರೆ ಅದರ ಸ್ವಯಂಚಾಲಿತ ಹೊಡೆತವನ್ನು ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ 9.30ರ ಅರ್ಧ ಗಂಟೆಯ ಪೆಟ್ಟೂ ಜೊತೆಗೆ ಬಿದ್ದು ಲೆಕ್ಕ ಕೆಡುತ್ತದೆ.

– ಒಬ್ಬ ಓದುಗ, ಮಂಗಳೂರು