ಹೊಸ ಪೆಟ್ರೋಲ್ ಪೈಪ್ ಸೋರಿದ ಬಗ್ಗೆ ವರ್ಕ್‌ಶಾಪ್ ಮಾಲೀಕರಿಗೆ ದೂರು ಪತ್ರ

ಇವರಿಂದ:
ಎಂಜಿಬಿ ಕಾರಿನ ಮಾಲೀಕ, ಮೈಸೂರು

ಇವರಿಗೆ:
ಮಾಲೀಕರು, ಹಳೆ ಕಾರುಗಳ ವರ್ಕ್‌ಶಾಪ್, ಬೆಂಗಳೂರು

ವಿಷಯ: 1967ರ ಎಂಜಿಬಿ ಕಾರಿಗೆ ಹಾಕಿದ ಲೋಹದ ಪೆಟ್ರೋಲ್ ಪೈಪ್ ಮತ್ತು ಫಿಟ್ಟಿಂಗ್ ಕೆಲಸ ಕೆಟ್ಟಿರುವುದು, ಹಣ ವಾಪಸ್ ಕೇಳಿ

ಮಾನ್ಯರೇ,

ನಮ್ಮ ಕಾರು ನಿಮಗೆ ನೆನಪಿದ್ದೇ ಇರುತ್ತದೆ. ಬಿಳಿ ರೋಡ್‌ಸ್ಟರ್. ತಂದುಬಿಟ್ಟ ದಿನ ನಿಮ್ಮ ಹುಡುಗರೆಲ್ಲ ಸುತ್ತ ನಿಂತು ಫೋಟೋ ತೆಗೆದುಕೊಂಡರು. ಅದೇ ಕಾರಿನ ಬಗ್ಗೆ ಹೀಗೆ ಬರೆಯಬೇಕಾಗಿ ಬಂದದ್ದು ನನಗೆ ಬೇಸರ. ಫೋನಿನಲ್ಲಿ ಎರಡು ಸಲ ಹೇಳಿ ನೋಡಿದೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಯಾಕೆ ಬಂದಿದ್ದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಕೊಟ್ಟರಲ್ವಾ, ಆಮೇಲೆ ನಿಧಾನವಾಗಿ ಎಲ್ಲ ಕಡೆ ಅದೇ ಬಂತು. ಎಥನಾಲ್ ಹಳೆ ರಬ್ಬರಿಗೆ ಆಗಿ ಬರುವುದಿಲ್ಲ. ನಮ್ಮ ಕಾರಿನ ಹೋಸ್‌ಗಳು ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಕಪ್ಪು ಅಂಟುತ್ತಿತ್ತು. ನೆಲದಡಿಯ ಸ್ಟೀಲ್ ಪೈಪ್ ಕೂಡ ತುಕ್ಕು ಹಿಡಿದಿತ್ತು. ಹಾಗಾಗಿ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲ ಹೊಸದಾಗಿ ಹಾಕಿಸೋಣ ಅಂತ ನಿಮ್ಮಲ್ಲಿಗೆ ಬಂದೆ.

ಅವತ್ತು ನಾವು ಮಾತಾಡಿಕೊಂಡದ್ದು ಸ್ಪಷ್ಟವಾಗಿದೆ. ಕ್ಯೂನಿಫರ್ ಪೈಪ್, ಅಂದರೆ ನೂರಕ್ಕೆ ಸುಮಾರು 90 ಪಾಲು ತಾಮ್ರ, 10 ಪಾಲು ನಿಕಲ್ ಇರುವ ಪೈಪ್. ಪಂಪಿನಿಂದ ಬಾನೆಟ್‌ವರೆಗೆ ಒಂದೇ ಉದ್ದದ ಪೈಪ್, ನಡುವೆ ಜಾಯಿಂಟ್ ಬೇಡ. ಎಥನಾಲ್ ತಡೆಯುವ ರಬ್ಬರ್ ಹೋಸ್. ಪೈಪನ್ನು ಅಲುಗದಂತೆ ಹಿಡಿದಿಡಲು ರಬ್ಬರ್ ಪಟ್ಟಿ ಇರುವ ಪಿ ಕ್ಲಿಪ್. ಕಳಚಿದ ಹಳೆ ಪೈಪ್ ನನಗೆ ವಾಪಸ್. ಇದನ್ನೆಲ್ಲ ನಿಮ್ಮ ಎಸ್ಟಿಮೇಟ್ ಹಾಳೆಯಲ್ಲಿ ನೀವೇ ಬರೆದುಕೊಂಡಿರಿ. ಒಟ್ಟು 38,500 ರೂಪಾಯಿ ಅಂದಿರಿ. ನಾನು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಪೆಟ್ರೋಲ್ ಹರಿಯುವ ಜಾಗದಲ್ಲಿ ದುಡ್ಡು ಉಳಿಸಬಾರದು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. ಈ ಕಾರು ಅವರದು.

ಕಾರು ಕೈಗೆ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಪೆಟ್ರೋಲ್ ತಳ್ಳುವ ಎಸ್‌ಯು ಪಂಪಿನ ಸದ್ದು ಈ ಗಾಡಿ ಓಡಿಸುವವರಿಗೆ ಗಡಿಯಾರದ ಸದ್ದಿನಷ್ಟೇ ಪರಿಚಯ. ಕೀ ತಿರುಗಿಸಿದರೆ ಹಿಂದಿನಿಂದ ಟಿಕ್ ಟಿಕ್ ಅಂತ ಬಡಿಯುತ್ತದೆ. ಕಾರ್ಬ್ಯುರೇಟರ್ ಬಟ್ಟಲು ತುಂಬಿದ ಕೂಡಲೇ ನಿಲ್ಲುತ್ತದೆ. ಇಂಜಿನ್ ಸ್ಟಾರ್ಟ್ ಮಾಡದಿದ್ದರೆ ಮತ್ತೆ ಬಡಿಯಬಾರದು. ಅವತ್ತು ನಿಂತಿತು, ಸ್ವಲ್ಪ ಹೊತ್ತಿಗೆ ಒಂದು ಟಿಕ್. ಮತ್ತೆ ಒಂದು ಟಿಕ್. ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ ಅಂತ ತಾನೇ ಅರ್ಥ? ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. "ಹೊಸ ಪೈಪ್ ಸಾರ್, ಗಾಳಿ ಇರತ್ತೆ, ಓಡ್ಸಿ, ಸರಿಹೋಗತ್ತೆ" ಅಂದಿರಿ. ನಾನು ನಂಬಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಮೂರು ಭಾನುವಾರ ಓಡಿಸಿದೆ. ಎಲ್ಲ ಸೇರಿ 400 ಕಿಲೋಮೀಟರ್ ಆಗಿರಬಹುದು. ಮೂರನೇ ಭಾನುವಾರ ಮಗಳನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಹಳೆ ರಸ್ತೆಯಲ್ಲಿ ಬರುತ್ತಿದ್ದೆ. ಚನ್ನಪಟ್ಟಣ ದಾಟಿದ ಮೇಲೆ ಅವಳು, "ಅಪ್ಪ, ವಾಸನೆ ಜಾಸ್ತಿ ಆಯ್ತು" ಅಂದಳು. ಮದ್ದೂರಿನಲ್ಲಿ ವಡೆ ತಿನ್ನಲು ಹೇಗೂ ನಿಲ್ಲಿಸುವವರಿದ್ದೆವು. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ.

ಎರಡು ಕಾರ್ಬ್ಯುರೇಟರ್‌ಗಳಲ್ಲಿ ಹಿಂಬದಿಯದಕ್ಕೆ ಹೋಗುವ ಪೈಪಿನ ಬುಡದಲ್ಲಿ, ನಟ್ಟಿನ ಪಕ್ಕದಲ್ಲೇ, ಕೂದಲೆಳೆಯಷ್ಟು ಸಣ್ಣ ಬಿರುಕು. ಅದರ ಬಾಯಲ್ಲಿ ಒಂದು ಹನಿ ಊರುತ್ತಿತ್ತು, ದಪ್ಪ ಆಗುತ್ತಿತ್ತು, ಕೆಳಗೆ ಬೀಳುತ್ತಿತ್ತು. ಈ ಇಂಜಿನ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಕಡೆ, ಎಡಗಡೆ ಇವೆ ಅನ್ನುವುದು ನಿಮಗೂ ಗೊತ್ತು. ಹನಿ ಬೀಳುತ್ತಿದ್ದದ್ದು ಹೀಟ್ ಶೀಲ್ಡ್ ತಗಡಿನ ಅಂಚಿಗೆ. ಬಿದ್ದ ಕೂಡಲೇ ಆರಿ, ಹಳದಿ ಕಲೆ ಉಳಿಯುತ್ತಿತ್ತು. ಅಲ್ಲಿಂದ ಎರಡು ಬೆರಳು ಆಚೆಗೆ ಬಿದ್ದಿದ್ದರೆ ಕಾಯ್ದ ಕಬ್ಬಿಣದ ಮೇಲೆ ಬೀಳುತ್ತಿತ್ತು. ಮಗಳನ್ನು ರಸ್ತೆಯ ಆಚೆ ಬದಿಗೆ ಕಳಿಸಿ, ಬ್ಯಾಟರಿ ವೈರ್ ಕಳಚಿ, ನಾನೂ ದೂರ ಹೋಗಿ ನಿಂತೆ. ಕೈ ನಡುಗುತ್ತಿತ್ತು.

ಅಲ್ಲಿಂದ ಮಾಡಿದ್ದು ಎರಡನೇ ಫೋನ್. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಪೆಟ್ರೋಲ್ ವಾಸ್ನೆ ಇದ್ದೇ ಇರತ್ತೆ ಸಾರ್. ಮೂರು ಪಿಎಸ್‌ಐ ಪ್ರೆಶರ್‌ಗೆ ಏನೂ ಆಗಲ್ಲ" ಅಂದಿರಿ. ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಅಪ್ಪ ಈ ಕಾರನ್ನು ಮೂವತ್ತು ವರ್ಷಕ್ಕೂ ಜಾಸ್ತಿ ಓಡಿಸಿದರು. ಒಂದು ದಿನವೂ ಒಳಗೆ ಕೂತವರಿಗೆ ಪೆಟ್ರೋಲ್ ವಾಸನೆ ಬಂದಿರಲಿಲ್ಲ. ವಾಸನೆ ಬರುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ಪ್ರೆಶರ್ ಕಡಿಮೆ ಇರುವುದು ನಿಜ. ಆದರೆ ಬೆಂಕಿ ಹತ್ತಲು ಪ್ರೆಶರ್ ಬೇಕಾಗಿಲ್ಲ.

ಟ್ರಕ್ ಮೇಲೆ ಹಾಕಿಸಿಕೊಂಡು ಮೈಸೂರಿಗೆ ತಂದು, ಇಲ್ಲಿ ಹಳೆ ಗಾಡಿಗಳ ಕೆಲಸ ಬಲ್ಲ ಮೇಸ್ತ್ರಿಯೊಬ್ಬರ ಕೈಲಿ ಬಿಚ್ಚಿಸಿದೆ. ಪೂರ್ತಿ ಹೊತ್ತು ಪಕ್ಕದಲ್ಲೇ ನಿಂತು ನೋಡಿದೆ.

ಮೊದಲನೆಯದು, ಪೈಪ್ ಕ್ಯೂನಿಫರ್ ಅಲ್ಲ. ಬರೀ ತಾಮ್ರ. ಚಾಕುವಿನಲ್ಲಿ ಕೆರೆದರೆ ಹಂಡೆಯ ಹಾಗೆ ಕೆಂಪಗೆ ಹೊಳೆಯುತ್ತದೆ. ಅದನ್ನು ನೀವು ರಬ್ಬರ್ ಹೋಸ್ ಇಲ್ಲದೆ ನೇರವಾಗಿ ಕಾರ್ಬ್ಯುರೇಟರ್‌ಗೆ ಬಿಗಿದಿದ್ದೀರಿ. ಮೊದಲು ಅಲ್ಲಿ ಹೋಸ್ ಇದ್ದದ್ದು ಸುಮ್ನೆ ಅಲ್ಲ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಗೇರ್ ಬದಲಿಸಿದಾಗಲೆಲ್ಲ ಅಲುಗಾಡುತ್ತದೆ. ಪೈಪನ್ನು ಕಾರಿನ ಬಾಡಿಯ ಮೇಲೆ ಬಿಗಿದಿದೆ, ಅದು ಅಲುಗಾಡುವುದಿಲ್ಲ. ಇವೆರಡರ ನಡುವೆ ಬಳುಕುವ ವಸ್ತು ಏನಾದರೂ ಇರಲೇಬೇಕು. ತಾಮ್ರವನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಸೀಳುತ್ತದೆ. ಆದದ್ದೂ ಅದೇ.

ಎರಡನೆಯದು ಇನ್ನೂ ಕೆಟ್ಟದು. ಒಂದೇ ಪೈಪ್ ಅಂತ ಮಾತಾಗಿದ್ದರೂ ಸೀಟಿನ ಕೆಳಗೆ, ನೆಲದಡಿಯಲ್ಲಿ, ಎರಡು ತುಂಡು ಸೇರಿಸಿ ಯೂನಿಯನ್ ಹಾಕಿದ್ದೀರಿ. ಬಿಚ್ಚಿದರೆ ಒಳಗೆಲ್ಲ ಟೆಫ್ಲಾನ್ ಟೇಪ್. ಫ್ಲೇರ್ ಜಾಯಿಂಟಿನಲ್ಲಿ ಪೆಟ್ರೋಲನ್ನು ತಡೆಯುವುದು ನಟ್ಟಿನ ಮರೆ (ಥ್ರೆಡ್) ಅಲ್ಲ, ಪೈಪಿನ ಅಗಲಿಸಿದ ಬಾಯಿ. ಅದು ಎದುರಿನ ಕೋನ್ ಮೇಲೆ ಲೋಹಕ್ಕೆ ಲೋಹ ಕೂರಬೇಕು. ಮೇಸ್ತ್ರಿ ಗೇಜ್ ಇಟ್ಟು ತೋರಿಸಿದರು: ಪೈಪಿನ ಬಾಯಿ 45 ಡಿಗ್ರಿ, ಯೂನಿಯನ್ ಕೋನ್ 37 ಡಿಗ್ರಿ. ಹೈಡ್ರಾಲಿಕ್ ಕೆಲಸದ ಯೂನಿಯನ್ ತಂದು, ನಿಮ್ಮಲ್ಲಿರುವ 45ರ ಟೂಲಿನಲ್ಲಿ ಬಾಯಿ ಅಗಲಿಸಿದ್ದೀರಿ. ಎರಡೂ ಮುಟ್ಟಿದ್ದದ್ದು ದಾರದೆಳೆಯಷ್ಟು ತೆಳು ಗೆರೆಯಲ್ಲಿ ಮಾತ್ರ. ಸೋರುವುದು ನಿಮಗೂ ಕಂಡಿರಬೇಕು. ಇಲ್ಲದಿದ್ದರೆ ಟೇಪ್ ಯಾಕೆ ಸುತ್ತುತ್ತಿದ್ದಿರಿ? ಮೊದಲ ದಿನದ ಆ ಟಿಕ್ ಟಿಕ್ ಬಂದದ್ದು ಇಲ್ಲಿಂದಲೇ.

ಆ ಟೇಪಿನ ಎಳೆಗಳು ಹರಿದು ಮುಂದಕ್ಕೆ ಹೋಗಿ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ನೀಡಲ್ ವಾಲ್ವ್‌ನಲ್ಲಿ ಸಿಕ್ಕಿಕೊಂಡಿದ್ದವು. ಜೊತೆಗೆ ತಾಮ್ರದ ಪುಡಿ. ಪೈಪನ್ನು ಕಟರ್‌ನಲ್ಲಿ ಕತ್ತರಿಸದೆ ಹ್ಯಾಕ್ಸಾದಲ್ಲಿ ಕೊಯ್ದು, ಒಳಗಿನ ಚೂರು ಊದಿ ತೆಗೆಯದೆ ಹಾಗೇ ಜೋಡಿಸಿದ್ದೀರಿ. ಪಿ ಕ್ಲಿಪ್ ಬದಲು ಪ್ಲಾಸ್ಟಿಕ್ ಟೈ ಹಾಕಿದ್ದೀರಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಆದರೆ ಹಳೆ ಪೈಪಿನ ವಿಷಯ ಹೇಳಲೇಬೇಕು. ಕೇಳಿದಾಗ "ಗುಜರಿಗೆ ಹಾಕ್ಬಿಟ್ವಿ" ಅಂದಿರಿ. ಅದು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಈ ಕಾರಿಗೆ ಹಾಕಿದ್ದ ಪೈಪ್. ತುಕ್ಕು ಹಿಡಿದಿದ್ದರೂ ಅದರ ಒಂದೊಂದು ಬಾಗು ಸರಿಯಿತ್ತು. ಎಲ್ಲಿ ತಿರುಗಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ಅದೇ ಅಚ್ಚು. ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸದನ್ನು ಬಗ್ಗಿಸಿ ಅಂತಲೇ ನಾನು ಹೇಳಿದ್ದು. ಎಂಜಿಬಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ, ಬಗ್ಗಿಸಿದ ರೆಡಿ ಪೈಪನ್ನು ಅಲ್ಲಿಂದ ತರಿಸಬಹುದು. ಆದರೆ ಅಷ್ಟುದ್ದದ ಪೈಪಿನ ಸಾಗಣೆ ಮತ್ತು ಕಸ್ಟಮ್ಸ್ ಖರ್ಚು ಈಗ ನನ್ನ ತಲೆ ಮೇಲೆ ಬಿದ್ದಿದೆ.

ನಾನು ಕೇಳುವುದು ಇಷ್ಟು. ಬಿಲ್ಲಿನ 38,500 ರೂಪಾಯಿ ಪೂರ್ತಿ ವಾಪಸ್ ಕೊಡಿ. ಮದ್ದೂರಿನಿಂದ ಗಾಡಿ ಹೊತ್ತು ತಂದ ಖರ್ಚು 6,000 ರೂಪಾಯಿ ಕೊಡಿ. ಕ್ಯೂನಿಫರ್ ಅಂತ ಬರೆದು ತಾಮ್ರ ಹಾಕಿದ್ದು ಯಾಕೆ ಅನ್ನುವುದಕ್ಕೆ ಬರಹದಲ್ಲಿ ಉತ್ತರ ಕೊಡಿ. "ತನ್ನಿ, ಮತ್ತೆ ಮಾಡಿಕೊಡ್ತೀವಿ" ಅನ್ನಬೇಡಿ. ಆ ಕೆಲಸವನ್ನು ಮತ್ತೆ ನಿಮ್ಮ ಕೈಗೆ ಕೊಡುವ ಧೈರ್ಯ ನನಗಿಲ್ಲ.

ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. 2019ರ ಕಾಯ್ದೆಯ ಪ್ರಕಾರ ನಾನು ವಾಸ ಇರುವ ಊರಲ್ಲೇ ದೂರು ಕೊಡಬಹುದು. ಎಸ್ಟಿಮೇಟ್, ಬಿಲ್, ಬಿಚ್ಚುವಾಗ ತೆಗೆದ ಫೋಟೋಗಳ ಪ್ರತಿ ಇದರ ಜೊತೆಗಿದೆ. ಬಿರುಕು ಬಿಟ್ಟ ಪೈಪ್, ಆ ಯೂನಿಯನ್, ನೀಡಲ್ ವಾಲ್ವ್‌ನಲ್ಲಿ ಸಿಕ್ಕಿದ ಟೇಪ್ ಎಳೆ, ಎಲ್ಲವನ್ನೂ ಒಂದು ಗಾಜಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಬಂದು ನೋಡುವುದಾದರೆ ಬನ್ನಿ, ತೋರಿಸುತ್ತೇನೆ.

ಇನ್ನೊಂದು ವಿಷಯ. ನಾನು ಬಂದ ದಿನ ನಿಮ್ಮಲ್ಲಿ ಹಸಿರು ಬಣ್ಣದ ಒಂದು ಹಳೆ ಹೆರಾಲ್ಡ್ ಕಾರು ಇದೇ ಕೆಲಸಕ್ಕೆ ಕಾಯುತ್ತಾ ನಿಂತಿತ್ತು. ಅದಕ್ಕೂ ಇದೇ ಪೈಪ್, ಇದೇ ಯೂನಿಯನ್ ಹಾಕಿದ್ದರೆ ದಯವಿಟ್ಟು ಇವತ್ತೇ ಅದರ ಮಾಲೀಕರಿಗೆ ಫೋನ್ ಮಾಡಿ, ಗಾಡಿ ತೆಗೆಯಬೇಡಿ ಅಂತ ಹೇಳಿ. ನನ್ನ ಹಣದ ಮಾತು ಆಮೇಲೆ ಆಗಲಿ.

ಇಂತಿ,
ಎಂಜಿಬಿ ಕಾರಿನ ಮಾಲೀಕ
ಮೈಸೂರು