ಮೊದಲು ಎಲೆ ಎಣಿಸು

ಚನ್ನರಾಯಪಟ್ಟಣ
ಗುರುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ಪಕ್ಕದಲ್ಲಿ ನಿಮ್ಮ ದೊಡ್ಡಪ್ಪ ಕಿವಿ ಇಲ್ಲೇ ಇಟ್ಟುಕೊಂಡು ಪೇಪರ್ ಓದುತ್ತಿದ್ದರು. "ನಮ್ಮಿಬ್ಬರದೂ ಸೇರಿ 8 ಲಕ್ಷ ಇದೆ ದೊಡ್ಡಮ್ಮ, ಸಾಲ ಮಾಡದೆ, ನಮ್ಮ ಮನಸ್ಸಿಗೆ ಒಪ್ಪುವ ಹಾಗೆ ಮದುವೆ ಆಗುತ್ತಾ?" ಅಂದೆ. ಧಾರಾಳವಾಗಿ ಆಗುತ್ತೆ. ಆದರೆ ನಿಮ್ಮಪ್ಪ 1,000 ಜನ ಅಂತಿದ್ದಾರೆ, ನಿಮ್ಮಮ್ಮ ಸೈಟ್ ಅಡ ಇಟ್ಟು ಸಾಲ ತರೋಣ ಅಂತಿದ್ದಾಳೆ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಅರ್ಧ ನೀನು ಮರೆಯುತ್ತೀಯ, ಅರ್ಧ ನಾನು.

ಈಗಾಗಲೇ ನಾಲ್ಕು ಛತ್ರ ನೋಡಿ ಬಂದೆಯಂತೆ. ಅಲ್ಲೇ ಎಡವಿದ್ದು ನೀನು. ಛತ್ರ ನೋಡುವ ಮೊದಲು ಎಲೆ ಎಣಿಸಬೇಕು. ಎಷ್ಟು ಜನ ಅಂತಲ್ಲ, ಎಷ್ಟು ಎಲೆ ಅಂತ. ನಮ್ಮ ಕಡೆ ಹಿಂದಿನ ರಾತ್ರಿ ರಿಸೆಪ್ಷನ್ ಊಟ, ಬೆಳಗ್ಗೆ ತಿಂಡಿ, ಮಧ್ಯಾಹ್ನ ಧಾರೆ ಊಟ. ಹತ್ತಿರದ ನೆಂಟರು ಒಬ್ಬೊಬ್ಬರೂ ಮೂರು ಎಲೆ. ದೂರದವರು ಒಂದೇ ಹೊತ್ತು ಬಂದರೂ 1,000 ಜನಕ್ಕೆ ಕಡಿಮೆ ಅಂದರೆ 2,000 ಎಲೆ ಬೀಳುತ್ತೆ. ಎಲೆಗೆ 400 ರೂಪಾಯಿ ಅಂತಲೇ ಇಟ್ಟುಕೋ. ನಿಮ್ಮ 8 ಲಕ್ಷ ಅಲ್ಲಿಗೇ ಮುಗಿಯಿತು. ಛತ್ರದ ಬಾಡಿಗೆ ಇನ್ನೂ ಕೊಟ್ಟಿಲ್ಲ, ತಾಳಿ ತಂದಿಲ್ಲ, ಓಲಗದವರಿಗೆ ಅಡ್ವಾನ್ಸ್ ಹೋಗಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟೇ. 2011ರಲ್ಲಿ ನಿಮ್ಮಕ್ಕನ ಮದುವೆ ಆದಾಗ ನೀನು ಹೈಸ್ಕೂಲಿನಲ್ಲಿದ್ದೆ, ಐಸ್‌ಕ್ರೀಮ್ ಮಾತ್ರ ನೆನಪಿರಬೇಕು. ಹಾಸನದ ದೊಡ್ಡ ಛತ್ರ. 1,500 ಪತ್ರಿಕೆ ಹಂಚಿದೆವು. ಎಲೆ ಲೆಕ್ಕ ಇಡೋಕೆ ನನ್ನ ತಮ್ಮನನ್ನು ಊಟದ ಹಾಲಿನ ಬಾಗಿಲಲ್ಲಿ ಕೂರಿಸಿದ್ದೆ. ಪಂಕ್ತಿಗೆ ಎಷ್ಟು ಕುರ್ಚಿ, ಎಷ್ಟು ಪಂಕ್ತಿ ಎದ್ದಿತು ಅಂತ ಬಸ್ ಟಿಕೆಟಿನ ಹಿಂದೆ ಗೀಟು ಎಳೆಯುತ್ತಿದ್ದ. ರಾತ್ರಿ ಊಟಕ್ಕೆ ಅವನ ಗೀಟಿನ ಪ್ರಕಾರ 870, ಅಡುಗೆಯವರ ಪ್ರಕಾರ 960. ಮದುಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ಎಲೆಗೆ ಜಗಳ ಆಡೋಕಾಗುತ್ತಾ? ಕೊಟ್ಟೆವು. ಛತ್ರದವರು ಜನರೇಟರ್ ಡೀಸೆಲ್, ಕ್ಲೀನಿಂಗ್, ಪಾತ್ರೆ ಬಾಡಿಗೆ ಅಂತ ಬುಕಿಂಗ್ ದಿನ ಬಾಯೇ ಬಿಡದ 38,000 ಸೇರಿಸಿದರು. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಎಲ್ಲ ಬರೆದಿತ್ತಂತೆ. ಓದಿದವರು ಯಾರು?

ಧಾರೆ ಊಟ ಮುಗಿದ ಮೇಲೆ ಕೈ ತೊಳೆಯೋಕೆ ಹಿಂದಿನ ಬಾಗಿಲಿಗೆ ಹೋದೆ. ಅಲ್ಲಿ ಎರಡು ಹಂಡೆ ಅನ್ನ ಹಾಗೇ ಇತ್ತು. ಹೋಳಿಗೆ, ಬುಟ್ಟಿಗಟ್ಟಲೆ, ಒಂದರ ಮೇಲೊಂದು ಅಂಟಿಕೊಂಡು. ಒಬ್ಬ ಹುಡುಗ ಅದನ್ನು ತೊಟ್ಟಿಗೆ ಸುರಿಯುತ್ತಿದ್ದ. ಆ ಹೋಳಿಗೆಗೆ ಅಂತಲೇ ನಾನು ಬಳೆ ಅಡ ಇಟ್ಟಿದ್ದೆ ಪುಟ್ಟಿ. ಬಿಡಿಸಿಕೊಳ್ಳೋಕೆ ನಾಲ್ಕು ವರ್ಷ ಆಯಿತು. ನಿಮ್ಮಕ್ಕನನ್ನು ಕೇಳಿದರೆ ರಿಸೆಪ್ಷನ್ ಅಂದರೆ ಕಾಲು ನೋವು ಅಂತಾಳೆ, ಅಷ್ಟೇ.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳಲ್ಲ. 1984ರಲ್ಲಿ ನನ್ನ ಮದುವೆ ಮನೆ ಮುಂದಿನ ಚಪ್ಪರದಲ್ಲೇ ಆಯಿತು, ಆದರೂ ನಮ್ಮಪ್ಪ ಒಂದು ಜೊತೆ ಎತ್ತು ಮಾರಿದರು. ವ್ಯತ್ಯಾಸ ಏನು ಅಂದರೆ, ಆ ಮದುವೆ ನನಗೆ ನೆನಪಿದೆ. ಹಿಂದಿನ ರಾತ್ರಿ ಕೇರಿಯ ಹೆಂಗಸರೆಲ್ಲ ಗ್ಯಾಸ್ ಲೈಟಿನ ಬೆಳಕಲ್ಲಿ ಈಳಿಗೆ ಮಣೆ ಹಾಕಿಕೊಂಡು ಕುಂಬಳಕಾಯಿ ಹೆಚ್ಚುತ್ತಾ ಸೋಬಾನೆ ಹೇಳುತ್ತಿದ್ದರು. ಕಿವಿ ಕೇಳದ ಒಬ್ಬಜ್ಜಿ ಎಲ್ಲರಿಗಿಂತ ಒಂದು ಸಾಲು ಹಿಂದೆ ಹಾಡುತ್ತಿದ್ದಳು. ಯಾರೂ ತಡೆಯಲಿಲ್ಲ. ಇವತ್ತಿಗೂ ಸೋಬಾನೆ ಕೇಳಿದರೆ ಆ ಹಿಂದಿನ ಸಾಲೇ ನನಗೆ ಕೇಳಿಸೋದು.

ಈಗ ನಿಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಅವರು ಜಂಬಕ್ಕೆ 1,000 ಜನ ಅಂತಿಲ್ಲ ಕಣೆ. ನಿನಗೆ ಮುಯ್ಯಿ ಅಂದರೆ ಕವರಿನಲ್ಲಿ ಹಾಕಿ ಕೊಡೋ ದುಡ್ಡು ಅಷ್ಟೇ. ಅವರಿಗೆ ಅದು ಮೂವತ್ತು ವರ್ಷದ ಲೆಕ್ಕ. ಯಾರ ಮನೆ ಮದುವೆಯಲ್ಲಿ 51 ಬರೆಸಿದರು, ಯಾರು ಇವರ ಗೃಹಪ್ರವೇಶಕ್ಕೆ ಬಂದು 101 ಬರೆಸಿದರು, ಎಲ್ಲ ಪುಸ್ತಕದಲ್ಲಿದೆ. ಅವರ ಊಟ ಉಂಡು ಬಂದವರು, ಈಗ ಕರೆಯದಿದ್ದರೆ ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ ಅನ್ನೋದು ಅವರ ಸಂಕಟ. "ಅಪ್ಪ, ನಿಮ್ಮ ಗೆಸ್ಟ್ ಲಿಸ್ಟ್ ಕಟ್ ಮಾಡಿ" ಅಂತ ನೀನು ನುಗ್ಗಿದರೆ ಅವರಿಗೆ ಕೇಳಿಸೋದು ನನ್ನ ಮರ್ಯಾದೆ ಕಟ್ ಮಾಡು ಅಂತಲೇ.

ಅದಕ್ಕೆ ನನಗೆ ತೋಚಿದ ದಾರಿ ಇದು. ಮದುವೆ ಬೇರೆ, ಊರ ಊಟ ಬೇರೆ. ಮದುವೆಗೆ 150 ಜನ. ರಾತ್ರಿ ರಿಸೆಪ್ಷನ್ ಬೇಡವೇ ಬೇಡ. ಬೆಳಗ್ಗೆ ಧಾರೆ, ಮಧ್ಯಾಹ್ನ ಊಟ, ಸಂಜೆ ನಾಲ್ಕಕ್ಕೆ ಎಲ್ಲರೂ ಮನೆಗೆ. ನಾಲ್ಕು ದಿನ ಬಿಟ್ಟು ನಮ್ಮೂರ ಮನೆಯ ಅಂಗಳದಲ್ಲಿ ಊರಿನವರಿಗೆ, ಮುಯ್ಯಿ ಪುಸ್ತಕದವರಿಗೆ ಊಟ. ಮುದ್ದೆ, ಸಾರು, ಅನ್ನ, ಪಾಯಸ. ಬೀಗರೂಟವನ್ನೂ ಅದರಲ್ಲೇ ಸೇರಿಸಿಬಿಡಿ. ಬೀಗರೂಟ ಅಂತ ಬೇರೆ ಛತ್ರ ಹಿಡಿದು, ಮಟನ್ನಿಗೇ ಮದುವೆಗಿಂತ ಜಾಸ್ತಿ ಸುರಿದವರನ್ನು ನೋಡಿದ್ದೇನೆ. ಎರಡೂ ಸೇರಿ 500 ಎಲೆ ದಾಟಬಾರದು. ಈ ಮಾತನ್ನು ನಿಮ್ಮಪ್ಪನಿಗೆ ನೀನು ಹೇಳಬೇಡ, ದೊಡ್ಡಪ್ಪನ ಬಾಯಲ್ಲಿ ಹೇಳಿಸುತ್ತೇನೆ. ಅಣ್ಣ ಹೇಳಿದರೆ ಅದು ಸಲಹೆ, ಮಗಳು ಹೇಳಿದರೆ ಎದುರುತ್ತರ.

ಬೀಗರ ಕಡೆ ಮಾತ್ರ ನೀನು ಬಾಯಿ ಹಾಕಬೇಡ. ಅವರಮ್ಮನ ಹತ್ತಿರ ಹುಡುಗನೇ ಮಾತಾಡಲಿ, ಅದೂ ಯಾವುದಕ್ಕೂ ಅಡ್ವಾನ್ಸ್ ಕೊಡುವ ಮೊದಲು. ಖರ್ಚು ಅರ್ಧ ಅರ್ಧ ಅಂತ ಅವನಾಗಿಯೇ ಹೇಳಿದನಂತೆ, ಕೇಳಿ ಖುಷಿಯಾಯಿತು. ಯಾರಾದರೂ ಮಧ್ಯದಲ್ಲಿ ವರೋಪಚಾರ ಅಂತ ರಾಗ ತೆಗೆದರೆ ಅಲ್ಲೇ ನಿಲ್ಲಿಸು. ಹೆಸರು ಬದಲಾದರೂ ಅದು ವರದಕ್ಷಿಣೆಯೇ. 1961ರ ಕಾಯ್ದೆ ಪ್ರಕಾರ ತಗೊಂಡವರಷ್ಟೇ ಅಲ್ಲ, ಕೊಟ್ಟವರೂ ತಪ್ಪಿತಸ್ಥರು.

ಹುಡುಗನಿಗೆ ಮಂತ್ರ ಮಾಂಗಲ್ಯ ಇಷ್ಟ ಅಂದೆಯಲ್ಲ, ನನಗೇನೂ ಅಡ್ಡಿಯಿಲ್ಲ. ಕುವೆಂಪು ಅದನ್ನು ಬರೆದು ಸುಮ್ನೆ ಕೂರಲಿಲ್ಲ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿಸಿದರು. ಪುರೋಹಿತರಿಲ್ಲ, ಮುಹೂರ್ತದ ಗೊಡವೆಯಿಲ್ಲ, ಗಂಡು ಹೆಣ್ಣು ಅರ್ಥ ಗೊತ್ತಿರುವ ಮಾತನ್ನು ತಾವೇ ಹೇಳಿ ಒಪ್ಪಿಕೊಳ್ಳುವುದು. ಮುಹೂರ್ತ ಬಿಟ್ಟರೆ ದುಡ್ಡೂ ಉಳಿಯುತ್ತೆ. ಒಳ್ಳೇ ಮುಹೂರ್ತದ ದಿನ ಒಂದೇ ಊರಲ್ಲಿ ಹತ್ತಾರು ಮದುವೆ, ಛತ್ರ, ಹೂವು, ಓಲಗ, ಫೋಟೋದವರು ಎಲ್ಲ ಬಾಯಿಗೆ ಬಂದಷ್ಟು ಕೇಳುತ್ತಾರೆ. ಅದೇ ಛತ್ರ ಮುಹೂರ್ತ ಇಲ್ಲದ ಮಂಗಳವಾರ ಖಾಲಿ ಹೊಡೆಯುತ್ತಿರುತ್ತೆ, ಚೌಕಾಸಿಗೆ ಬಗ್ಗುತ್ತಾರೆ. ಆದರೆ ಕಳೆದ ವರ್ಷ ಒಂದು ಮಂತ್ರ ಮಾಂಗಲ್ಯಕ್ಕೆ ಹೋಗಿದ್ದೆ. 800 ಜನ, ಡ್ರೋನ್ ಕ್ಯಾಮೆರಾ, ವೇದಿಕೆ ತುಂಬಾ ಬೇರೆ ದೇಶದ ಹೂವು. ಸರಳ ಅನ್ನೋ ಪದ ಪತ್ರಿಕೆಯಲ್ಲಿ ಮಾತ್ರ ಇತ್ತು. ನಿಮ್ಮಮ್ಮ ಅರಿಶಿನ ಶಾಸ್ತ್ರ ಒಂದಾದರೂ ಇರಲಿ ಅಂತ ಕೇಳಿದರೆ ಬೇಡ ಅನ್ನಬೇಡ. ಅದಕ್ಕೆ ಖರ್ಚಿಲ್ಲ, ಅರಿಶಿನ ನಮ್ಮ ಹಿತ್ತಲಲ್ಲೇ ಇದೆ.

ಯಾವ ಪದ್ಧತಿಯಲ್ಲಿ ಆದರೂ ನೋಂದಣಿ ಮರೆಯಬೇಡಿ. ಈಗ ಸರ್ಕಾರದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಪತ್ರಿಕೆ, ಫೋಟೋ, ವಯಸ್ಸಿನ ದಾಖಲೆ ಎತ್ತಿಟ್ಟಿರಿ. ಶಾಸ್ತ್ರ ಏನೂ ಬೇಡ, ಕಚೇರಿಯಲ್ಲೇ ಆಗೋಣ ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಅದಕ್ಕೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಮೂವರು ಸಾಕ್ಷಿ ಬೇಕು. ನಾಳೆ ಮದುವೆ ಅಂತ ಇವತ್ತು ಹೋದರೆ ವಾಪಸ್ ಕಳಿಸುತ್ತಾರೆ.

ಊಟದಲ್ಲಿ ಕೈ ಬಿಗಿ ಮಾಡಬೇಡ. ಜನ ಕಡಿಮೆ ಮಾಡು, ಐಟಂ ಕಡಿಮೆ ಮಾಡು, ರುಚಿ ಕಡಿಮೆ ಮಾಡಬೇಡ. ಈಗ ಎಲೆ ಮೇಲೆ ಇಪ್ಪತ್ತೈದು ಐಟಂ ಬಡಿಸುತ್ತಾರೆ, ಗೋಬಿ ಮಂಚೂರಿ ಪಕ್ಕದಲ್ಲಿ ಜಿಲೇಬಿ, ಅದರ ಪಾಕ ಇದಕ್ಕೆ ಹರಿದು ಎರಡೂ ಹಾಳು. ಮಾಘದಲ್ಲಿ ಇಟ್ಟುಕೊಂಡರೆ ಮಳೆ ಭಯ ಇಲ್ಲ, ಸೊಗಡಿನ ಅವರೆಕಾಯಿ ಇನ್ನೂ ಸಿಗುತ್ತೆ. ಕೋಸಂಬರಿ, ಎರಡು ಪಲ್ಯ, ಅವರೆಕಾಳು ಹುಳಿ, ತಿಳಿಸಾರು, ಹಪ್ಪಳ, ಹೋಳಿಗೆ, ಮಜ್ಜಿಗೆ. ಇನ್ನೇನು ಬೇಕು? ಎಲೆ ಲೆಕ್ಕದ ಕೇಟರಿಂಗ್ ಬಿಟ್ಟು, ಸಾಮಾನು ನಮ್ಮದು ಕೂಲಿ ಅವರದು ಅಂತ ಅಡುಗೆ ಭಟ್ಟರನ್ನು ಹಿಡಿಯೋಣ. ಕೆಜಿ ಅಕ್ಕಿಗೆ ಎಂಟು ಜನ ಅಂತ ಇಟ್ಟರೆ ಕೊರತೆ ಬೀಳಲ್ಲ. ದಿನಸಿ ನಾನೇ ನಿಂತು ತೂಗಿಸುತ್ತೇನೆ.

ಮದುವೆಯನ್ನೂ ಊರ ಮನೆಯಲ್ಲೇ ಮಾಡಬಹುದಲ್ವಾ ಅಂತ ನಿನಗೆ ಅನಿಸಬಹುದು. ಮಾಡಬಹುದು, ಆದರೆ ಮನೆ ಅಂದ ತಕ್ಷಣ ಅಗ್ಗ ಅಂದುಕೊಳ್ಳಬೇಡ. ಶಾಮಿಯಾನ, ಕುರ್ಚಿ, ಪಾತ್ರೆ, ನೀರಿನ ಟ್ಯಾಂಕರ್ ಎಲ್ಲಕ್ಕೂ ಬಾಡಿಗೆ. ಎಲ್ಲಕ್ಕಿಂತ ಮುಖ್ಯ ಟಾಯ್ಲೆಟ್. ನಮ್ಮನೆಯಲ್ಲಿರೋದು ಒಂದೇ. ಬೆಂಗಳೂರಿಂದ ರೇಷ್ಮೆ ಸೀರೆ ಉಟ್ಟು ಬಂದವರು ಸಾಲು ನಿಂತರೆ ಚೆನ್ನಾಗಿರುತ್ತಾ? ಮದುವೆಗೆ ಯಾವುದಾದರೂ ದೇವಸ್ಥಾನದ ಸಣ್ಣ ಸಮುದಾಯ ಭವನ ಸಾಕು. ಬುಕ್ ಮಾಡುವಾಗ ಕರೆಂಟು, ಜನರೇಟರ್, ಕ್ಲೀನಿಂಗ್, ಹೊರಗಿನ ಅಡುಗೆಯವರಿಗೆ ಬಿಡುತ್ತಾರಾ, ಎಲ್ಲವನ್ನೂ ಕೇಳಿ ಬರೆಸಿಕೋ. ರಸೀದಿ ತಿರುಗಿಸಿ ಹಿಂದೆ ಓದು.

ಅಲಂಕಾರಕ್ಕೆ ಬಾಳೆಕಂದು, ಮಾವಿನ ಸೊಪ್ಪು, ತೆಂಗಿನ ಗರಿ, ಹೊಂಬಾಳೆ. ತೋಟದಲ್ಲಿ ಬೇಕಾದಷ್ಟಿದೆ. ತಾಂಬೂಲದ ತೆಂಗಿನಕಾಯಿಯೂ ನಮ್ಮದೇ. ಪತ್ರಿಕೆ 100 ಮಾತ್ರ ಪ್ರಿಂಟ್ ಹಾಕಿಸು, ವಯಸ್ಸಾದವರಿಗೆ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ ಕೈಗೆ ಕೊಟ್ಟರೇನೇ ಅವರಿಗೆ ಕರೆದ ಹಾಗೆ. ಉಳಿದವರಿಗೆ ವಾಟ್ಸಾಪ್ ಸಾಕು. ಫೋಟೋದವರಿಗೆ ಅರ್ಧ ದಿನ ಹೇಳು. ನಿಮ್ಮಕ್ಕನ ಮದುವೆಯ ಕರಿಷ್ಮಾ ಆಲ್ಬಂ ಎರಡು ಇಟ್ಟಿಗೆಯಷ್ಟು ಭಾರ ಇದೆ, ಬೀರುವಿನ ಮೇಲೆ ಮಲಗಿದೆ. ಅದನ್ನು ಇಳಿಸಿ ನೋಡಿ ಯಾವ ಕಾಲ ಆಯಿತೋ.

ಒಡವೆ ವಿಷಯ. ತಾಳಿ ಹೊಸದು ಮಾಡಿಸಿ, ಸಾಕು. ತಗೊಳ್ಳುವಾಗ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಅನ್ನೋ ಗುರುತಿನ ಸಂಖ್ಯೆ ಇದೆಯಾ ನೋಡು, ವೇಸ್ಟೇಜ್ ಎಷ್ಟು ಶೇಕಡಾ ಅಂತ ಮೊದಲೇ ಕೇಳು. ಅಲ್ಲೇ ಇಳಿಸಿಕೊಳ್ಳೋಕೆ ಜಾಗ ಇರೋದು. ಸರ, ಓಲೆ ಅಂತ ಹೊಸದಾಗಿ ಒಂದು ಗ್ರಾಮೂ ಕೊಳ್ಳಬೇಡ. ನಮ್ಮತ್ತೆ ನನಗೆ ಕೊಟ್ಟ ಅಡ್ಡಿಕೆ ಇದೆಯಲ್ಲ, ಅದನ್ನು ಹಾಕಿಕೋ. ಹಿಂದೆ ಊರಲ್ಲಿ ಒಂದೇ ಅಡ್ಡಿಕೆ ಹತ್ತು ಮದುಮಕ್ಕಳ ಕೊರಳು ಕಂಡಿರುತ್ತಿತ್ತು, ಯಾರೂ ನಾಚಿಕೊಳ್ಳುತ್ತಿರಲಿಲ್ಲ. ಧಾರೆ ಸೀರೆಗೆ ನಿಮ್ಮಮ್ಮನದೇ ಕೆಂಪಂಚಿನ ಬಿಳಿ ರೇಷ್ಮೆ ಇದೆ. ಟ್ರಂಕಿನಲ್ಲಿ ಮಡಿಕೆ ಮೇಲೆ ಸ್ವಲ್ಪ ಹಳದಿ ಬಂದಿದೆ, ಜರಿ ಗಟ್ಟಿಯಾಗಿದೆ. ನೀನೇ ಕೇಳಿ ನೋಡು. ಸೈಟ್ ಸಾಲದ ಮಾತು ಅಲ್ಲಿಗೆ ಅರ್ಧ ಇಳಿಯುತ್ತೆ ಅಂತ ನನಗನ್ನಿಸುತ್ತೆ.

ಬರುವ ಭಾನುವಾರ ಇಬ್ಬರೂ ಬನ್ನಿ. ನಿಮ್ಮಪ್ಪನ ಮುಯ್ಯಿ ಪುಸ್ತಕ ನಮ್ಮ ಅಟ್ಟದ ಮೇಲೇ ಇದೆ, ಇಳಿಸಿ ಧೂಳು ಒರೆಸಿ ಇಟ್ಟಿರುತ್ತೇನೆ. ಹೆಸರು ಒಂದೊಂದಾಗಿ ಓದೋಣ, ಯಾರು ಮದುವೆಗೆ, ಯಾರು ಊರ ಊಟಕ್ಕೆ ಅಂತ ದೊಡ್ಡಪ್ಪ ಹೇಳುತ್ತಾರೆ, ನೀನು ಗೀಟು ಎಳಿ. ಹುಡುಗನಿಗೆ ಈಳಿಗೆ ಮಣೆ ಮೇಲೆ ಕೂತು ಕುಂಬಳಕಾಯಿ ಹೆಚ್ಚೋಕೆ ಬರುತ್ತಾ ಕೇಳಿ ಇಟ್ಟಿರು. ಬರದಿದ್ದರೂ ಪರವಾಗಿಲ್ಲ, ಮಾಘಕ್ಕೆ ಇನ್ನೂ ಟೈಮಿದೆ.

ನಿನ್ನ
ದೊಡ್ಡಮ್ಮ