ಲಾಭದ ಜೊತೆಗೆ ಈ ಅಂಕಿಗಳನ್ನೂ ಕೊಡಿ

ಮಾನ್ಯ ಸಂಪಾದಕರೇ,

ಖಾಸಗಿ ಬ್ಯಾಂಕುಗಳ ತ್ರೈಮಾಸಿಕ ಫಲಿತಾಂಶ ಬಂದಾಗ ನಿವ್ವಳ ಲಾಭ ಶೇಕಡ ಎಷ್ಟು ಏರಿತು ಎಂಬುದಷ್ಟೇ ಸುದ್ದಿಯಾಗುತ್ತದೆ. ಅದನ್ನು ನೋಡಿಯೇ ಮೈಸೂರು, ಮಂಡ್ಯದ ಎಷ್ಟೋ ನಿವೃತ್ತರು ಠೇವಣಿ ಇಡುತ್ತಾರೆ, ಷೇರು ಕೊಳ್ಳುತ್ತಾರೆ. ಆ ಲಾಭ ಎಲ್ಲಿಂದ ಬಂತು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಚಾಲ್ತಿ ಖಾತೆಯ ಹಣಕ್ಕೆ ಬಡ್ಡಿಯಿಲ್ಲ, ಉಳಿತಾಯ ಖಾತೆಗೆ ಕಡಿಮೆ ಬಡ್ಡಿ. ಇವೆರಡರ ಪಾಲು, ಅಂದರೆ ಕಾಸಾ, ಕುಗ್ಗಿ ನಿಶ್ಚಿತ ಠೇವಣಿ ಹೆಚ್ಚಿದರೆ ಬ್ಯಾಂಕಿಗೆ ಹಣವೇ ದುಬಾರಿ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಇಳಿದಾಗಲೂ ಬಡ್ಡಿಯ ಅಂತರ, ಅಂದರೆ ಸಾಲಕ್ಕೆ ಪಡೆಯುವ ಬಡ್ಡಿಗೂ ಠೇವಣಿಗೆ ಕೊಡುವ ಬಡ್ಡಿಗೂ ಇರುವ ವ್ಯತ್ಯಾಸ, ಕಿರಿದಾಗುತ್ತದೆ. ರೆಪೊಗೆ ಜೋಡಿಸಿದ ಗೃಹಸಾಲದ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ಠೇವಣಿಗೆ ಮಾತ್ರ ಅವಧಿ ಮುಗಿಯುವವರೆಗೆ ಹಳೆಯ ದರವನ್ನೇ ಕೊಡಬೇಕು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ ಶೇ 5.5ಕ್ಕೆ ಇಳಿಯಿತು. ದರ ಇಳಿದಾಗ ಸರ್ಕಾರಿ ಸಾಲಪತ್ರಗಳ ಬೆಲೆ ಏರುವುದರಿಂದ, ಅವನ್ನು ಮಾರಿ ಬಂದ ಲಾಭ ಈ ಕೊರತೆಯನ್ನು ಮುಚ್ಚಿಬಿಡಬಹುದು. ಆದರೆ ಅದು ಪ್ರತಿ ತ್ರೈಮಾಸಿಕದಲ್ಲೂ ಸಿಗುವ ಆದಾಯವಲ್ಲ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ವಸೂಲಾಗದ ಸಾಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ ಆಗುತ್ತದೆ. ಲೆಕ್ಕಕ್ಕೆ ಹಿಡಿದು ಇನ್ನೂ ಕೈಸೇರದ ಬಡ್ಡಿಯನ್ನು ಆದಾಯದಿಂದ ಕಳೆಯಬೇಕು. ಈಗಿನ ನಿಯಮದಂತೆ ಅಡಮಾನವಿರುವ ಸಾಲವಾದರೆ ಮೊದಲ ಹಂತದಲ್ಲಿ ಶೇ 15, ಅಡಮಾನವೇ ಇಲ್ಲದ್ದಾದರೆ ಶೇ 25ರಷ್ಟನ್ನು ಲಾಭದಿಂದ ತೆಗೆದಿರಿಸಬೇಕು. ₹10 ಲಕ್ಷದ ವೈಯಕ್ತಿಕ ಸಾಲ ಕೆಟ್ಟರೆ ₹2.5 ಲಕ್ಷ ಹೋಯಿತು. ಬಡ್ಡಿಯ ಅಂತರ ಶೇ 4 ಇದ್ದರೆ, ಅಷ್ಟನ್ನು ತುಂಬಿಕೊಳ್ಳಲು ₹62.5 ಲಕ್ಷದ ಒಳ್ಳೆಯ ಸಾಲ ಇಡೀ ವರ್ಷ ದುಡಿಯಬೇಕು. ಸಿಬ್ಬಂದಿ ಸಂಬಳ, ಶಾಖೆಯ ಬಾಡಿಗೆ ಬೇರೆ. ಮಹಿಳಾ ಗುಂಪುಗಳಿಗೆ ಕೊಡುವ ಕಿರುಸಾಲಕ್ಕೂ ಅಡಮಾನ ಇರುವುದಿಲ್ಲ. ಒಬ್ಬರಿಗೇ ನಾಲ್ಕೈದು ಕಡೆ ಸಾಲ ಕೊಟ್ಟ ಊರುಗಳಲ್ಲಿ ಕಂತು ನಿಂತರೆ ಎಲ್ಲ ಕಡೆಯೂ ಒಟ್ಟಿಗೇ ನಿಲ್ಲುತ್ತದೆ.

ಎನ್‌ಪಿಎ ಇಳಿಯಿತು ಎಂದಾಗಲೂ ಎಚ್ಚರ ಬೇಕು. ವಸೂಲಾಗಿ ಇಳಿದಿರಬಹುದು, ಹಳೆಯ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದ್ದರಿಂದಲೂ ಇಳಿದಿರಬಹುದು. ಆ ಮೂರು ತಿಂಗಳಲ್ಲಿ ಹೊಸದಾಗಿ ಎಷ್ಟು ಸಾಲ ಕೆಟ್ಟಿತು ಎಂಬುದು ಗೊತ್ತಾದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಆದ್ದರಿಂದ ನಿವ್ವಳ ಲಾಭದ ಪಕ್ಕದಲ್ಲೇ ಬಡ್ಡಿ ಅಂತರದ ಪ್ರಮಾಣ, ಕಾಸಾ ಪಾಲು, ಹೊಸ ಎನ್‌ಪಿಎ, ತೆಗೆದಿರಿಸಿದ ಮೊತ್ತ ಮತ್ತು ಸಾಲಪತ್ರ ಮಾರಾಟದ ಲಾಭ, ಇವಿಷ್ಟನ್ನು ಹಿಂದಿನ ತ್ರೈಮಾಸಿಕದ ಅಂಕಿಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇವೆ. ಷೇರುಪೇಟೆಗೆ ಬ್ಯಾಂಕುಗಳು ಸಲ್ಲಿಸುವ ಫಲಿತಾಂಶ ಮತ್ತು ಹೂಡಿಕೆದಾರರಿಗೆ ಕೊಡುವ ವಿವರಣೆಯಲ್ಲಿ ಇವು ಸಾಮಾನ್ಯವಾಗಿ ಸಿಗುತ್ತವೆ.

– ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು